ಮೂರು ದಿನ ಎತ್ತದ ಚಾಪೆ

ಸೆಪ್ಟೆಂಬರ್ 5, ಸೋಮವಾರ

ಅಣ್ಣನ ಮಗಳು ಪೆನಿನಾಳನ್ನು ಇವತ್ತು ಆಸ್ಪತ್ರೆಯಿಂದ ಕರೆತಂದೆವು. ಮೊಣಕಾಲಿನಿಂದ ಕೆಳಗೆ ಇಡೀ ಬಿಳಿ ಪಟ್ಟಿ. ಮೂಳೆ ಎರಡು ಕಡೆ ಮುರಿದಿದೆಯಂತೆ. ನವೆಂಬರಿನಲ್ಲಿ ಪರೀಕ್ಷೆ. ದೇವರೇ, ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆದರೆ ಭಾನುವಾರ ಮಕ್ಕಳಿಗೆ ಪಾಠ ಹೇಳುವ ಯೋಗ್ಯತೆ ನನಗೆ ಉಳಿಯುವುದಿಲ್ಲ. ಆದರೂ ಬರೆಯುತ್ತೇನೆ. ಇದನ್ನು ಓದುವವರು ನಾನು, ನೀನು, ಇಬ್ಬರೇ.

ಅವಳಿಗೆ ಗುದ್ದಿದ್ದು ಮುದುಕ ಗಲುವಾವೊನ ಮನೆಯ ಪಿಕಪ್. ಓಡಿಸುತ್ತಿದ್ದವನು ಆ ಮುದುಕನ ಮೊಮ್ಮಗ ತವಿತಾ. ಹಿಂದೆ ಕೆಸುವಿನ ಗಡ್ಡೆಯ ಮೂಟೆ, ಮೂಟೆಯ ಮೇಲೆ ಒಂದು ಹಂದಿ. ಹಂದಿ ಹಗ್ಗ ಬಿಚ್ಚಿಕೊಂಡಿತೋ ಏನೋ ಎಂದು ಚರ್ಚಿನ ತಿರುವಿನಲ್ಲಿ ಹಿಂದೆ ತಿರುಗಿ ನೋಡಿದನಂತೆ. ಮುಂದೆ ನಮ್ಮ ಹುಡುಗಿ ಪುಸ್ತಕ ಹಿಡಿದು ನಡೆಯುತ್ತಿದ್ದಳು. ಹಂದಿಗೆ ಏನೂ ಆಗಿಲ್ಲ. ಬಂದವರೆಲ್ಲ ಇದನ್ನು ನನಗೆ ಸಮಾಧಾನದ ಹಾಗೆ ಹೇಳುತ್ತಾರೆ.

ಇದಾದದ್ದು ಶನಿವಾರ. ಇಂಥದ್ದು ನಡೆದರೆ ತಪ್ಪು ಮಾಡಿದ ಮನೆಯ ಯಜಮಾನ ಬೆಳಕು ಹರಿಯುವ ಮೊದಲೇ ಬಂದು, ನೋವುಂಡವರ ಅಂಗಳದಲ್ಲಿ ತಲೆಯ ಮೇಲೆ ಚಾಪೆ ಹೊದ್ದು ಕೂರಬೇಕು. ಇಫೊಗಾ ಎನ್ನುವುದು ಅದಕ್ಕೇ. ಮನೆಯವರು ಹೊರಗೆ ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ನಿನ್ನೆ ಭಾನುವಾರ, ಬರುವಂತಿರಲಿಲ್ಲ, ಒಪ್ಪಿದೆ. ಇವತ್ತು? ಇವತ್ತೇನು, ಪಟ್ಟಿ ಕಟ್ಟಿದ್ದು ಅವರ ಕಾಲಿಗೋ?

ಅಣ್ಣ ಫೊನೊತಿ ಒಂದು ಮಾತೂ ಆಡಲಿಲ್ಲ. ಮಗಳ ಹಾಸಿಗೆಯ ಪಕ್ಕ ಕೂತು ಬೀಸಣಿಗೆ ಬೀಸುತ್ತಿದ್ದ. ಅತ್ತಿಗೆ ತೀರಿಕೊಂಡ ಮೇಲೆ ಅವನಿಗೆ ಇರುವುದು ಈ ಹುಡುಗಿ, ಮತ್ತೆ ವಿಧವೆ ತಂಗಿ ನಾನು. ಇಡೀ ಊರಿನ ಪರವಾಗಿ ಮಾತಾಡುವ ಯಜಮಾನ ಮನೆಯಲ್ಲಿ ಬಾಯಿ ಬಿಡದಿದ್ದರೆ ನನಗೆ ಹೆದರಿಕೆ.

ಸೆಪ್ಟೆಂಬರ್ 6, ಮಂಗಳವಾರ

ಬಂದರು. ಬೆಳಿಗ್ಗೆ ಕೆಟಲಿಗೆ ನೀರು ಹಿಡಿಯಲು ಹೋದರೆ ಅಂಗಳದಲ್ಲಿ ಏಳು ಜನ, ಹುಲ್ಲಿನ ಮೇಲೆ, ತಲೆ ತಗ್ಗಿಸಿ. ನಡುವೆ ಚಾಪೆಯ ಒಂದು ಗುಡ್ಡೆ. ಅದರ ಕೆಳಗೆ ಆ ಮುದುಕ. ಮುಂದೆ ಸೌದೆ ಮತ್ತು ಒಲೆಯ ಕಲ್ಲು, ಬೇಕಾದರೆ ನಮ್ಮನ್ನೇ ಬೇಯಿಸಿಕೊಳ್ಳಿ ಎನ್ನುವ ಹಾಗೆ. ಪದ್ಧತಿಯಲ್ಲಿ ಯಾವುದೂ ಬಿಟ್ಟಿರಲಿಲ್ಲ.

ಅಣ್ಣ ನೋಡಿದ. ನೋಡಿ, ಗೋಡೆಯಿಲ್ಲದ ನಮ್ಮ ಮನೆಯ ಆ ಕಡೆಯ ತೆಂಗಿನ ಗರಿಯ ತಟ್ಟಿಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿದ. ಸರಿಯಾಯಿತು ಎಂದುಕೊಂಡೆ. ಕೂರಲಿ. ಹುಡುಗಿ ರಸ್ತೆಯಲ್ಲಿ ಬಿದ್ದು ಅಷ್ಟು ಹೊತ್ತು ಕಾದಿದ್ದಾಳೆ, ಇವರು ನೆರಳಿಲ್ಲದ ಹುಲ್ಲಿನ ಮೇಲೆ ಸ್ವಲ್ಪ ಕಾಯಲಿ.

ಇನ್ನೊಂದು ಹೇಳಬೇಕು. ಮುದುಕ ಹೊದ್ದ ಚಾಪೆ ಯಾವುದು ಗೊತ್ತೇ? ಅವನ ಮಗಳು ಫೆತೂ ಮತ್ತು ನಾನು ಎರಡು ವರ್ಷ ಪಕ್ಕಪಕ್ಕ ಕೂತು ಹೆಣೆದದ್ದು. ಕೇದಗೆಯನ್ನು ನೂಲಿನಷ್ಟು ಸಣ್ಣಗೆ ಸೀಳಿ ಸೀಳಿ ಬೆರಳು ಕೊಯ್ದುಕೊಂಡದ್ದು ನಾನು. ಎಡ ಮೂಲೆಯಲ್ಲಿ ಒಂದು ಎಳೆ ಅಡ್ಡ ಹೋಗಿದೆ, ಅವಳ ತಪ್ಪು. ತಟ್ಟಿಯ ಸಂದಿನಿಂದಲೇ ಗುರುತು ಹಿಡಿದೆ. ನನ್ನ ಬೆವರನ್ನು ಹೊದ್ದು ನನ್ನ ಮನೆ ಮುಂದೆ ಕೂರುವ ಧೈರ್ಯ ನೋಡು. ಆ ಮನೆಯವಳ ಹತ್ತಿರ ಇನ್ನು ಮಾತಿಲ್ಲ.

ಪೆನಿನಾ ಮಲಗಿದಲ್ಲಿಂದಲೇ ಎಲ್ಲ ಕೇಳಿಸಿಕೊಂಡಿದ್ದಾಳೆ. "ಅತ್ತೆ, ಕಾಲು ನಂದು. ಕೋಪ ಮಾತ್ರ ನಿಮ್ಮಿಬ್ಬರಿಗೇ ಯಾಕೆ?" ಅಂದಳು. ತಿನ್ನಲು ಕೊಟ್ಟು ಬಾಯಿ ಮುಚ್ಚಿಸಿದೆ.

ಮಧ್ಯಾಹ್ನವಾಯಿತು. ಮೂರು ಗಂಟೆಯಾಯಿತು. ಸಂಜೆ ಪ್ರಾರ್ಥನೆಯ ಗಂಟೆ ಹೊಡೆಯಿತು. ನಾವು ಒಳಗೆ ಹಾಡಲು ಶುರುಮಾಡಿದರೆ ಅವರೂ ಹೊರಗೆ ಅದೇ ಹಾಡು ಎತ್ತಿಕೊಂಡರು. ಫೆತೂಳ ಕೆಳದನಿ ಸೇರದೆ ಆ ಹಾಡು ನನಗೆ ಹೇಗೂ ಬರುವುದಿಲ್ಲ. ಅಣ್ಣ ನಡುವೆಯೇ ಹಾಡು ನಿಲ್ಲಿಸಿದ. ನಾನು ನಿಲ್ಲಿಸಲಿಲ್ಲ, ದೇವರ ಹಾಡನ್ನು ಅರ್ಧಕ್ಕೆ ಬಿಡುವವಳು ನಾನಲ್ಲ. ಕತ್ತಲಾಗುವ ಹೊತ್ತಿಗೆ ಅವರು ಎದ್ದು ಹೋದರು.

ಸೆಪ್ಟೆಂಬರ್ 7, ಬುಧವಾರ

ಮತ್ತೆ ಬಂದಿದ್ದಾರೆ. ಎರಡನೆಯ ದಿನ ಕೂತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಹತ್ತು ಗಂಟೆಯೊಳಗೆ ಯಾರಾದರೂ ಹೋಗಿ ಚಾಪೆ ಎತ್ತುತ್ತಾರೆ. ಮಗ ಸತ್ತವರೂ ಎತ್ತಿದ್ದಾರೆ.

ಪಾದ್ರಿಗಳು ಬಂದು ಅಣ್ಣನ ಎದುರು ಕೂತರು. ಮಗು ಬದುಕಿದೆ, ಕಾಲು ಕೂಡುತ್ತದೆ, ಎಂಬತ್ತರ ಹತ್ತಿರದ ಮನುಷ್ಯ ಬಿಸಿಲಿನಲ್ಲಿದ್ದಾನೆ ಎಂದು ಮೆತ್ತಗೆ ಹೇಳಿದರು. ಅಣ್ಣ ಪೂರ್ತಿ ಕೇಳಿಕೊಂಡು ಅಂದ: "ಪಾದ್ರಿಗಳೇ, ಗಲುವಾವೊ ಅವರು ಸಭೆಯಲ್ಲಿ ನಂಗೆ ಮಾತು ಹೇಳಿಕೊಟ್ಟೋರು. ನಾನೀಗ ಅವರಿಗೆ ಹೇಳೋ ಮಾತು ಹುಡುಕ್ತಾ ಇದ್ದೀನಿ. ಸಿಕ್ಕಿದ ತಕ್ಷಣ ಹೊರಗೆ ಬರ್ತೀನಿ."

ಆಗ ನನಗೆ ತಿಳಿಯಿತು, ಇದು ಕಾಲಿನ ವಿಷಯವೇ ಅಲ್ಲ. ಹೋದ ವರ್ಷ ಆಚೆ ದ್ವೀಪದ ಅತಿಥಿಗಳು ಬಂದಾಗ ಅಣ್ಣ ಸ್ವಾಗತ ಹೇಳುತ್ತಿದ್ದ. ಕೋಲಿಗೆ ಒರಗಿ, ಹೆಗಲ ಮೇಲೆ ನಾರಿನ ಚಾಮರ ಹಾಕಿ, ನಮ್ಮ ಊರಿನ ಮೂಲದ ಏಳು ಹೆಸರು ಕರೆಯಬೇಕು. ಆರನೆಯದು ಮರೆತ. ಹಿಂದಿನಿಂದ ಗಲುವಾವೊ ಆ ಹೆಸರು ಹೇಳಿಬಿಟ್ಟ, ಯಾರೋ ಹುಡುಗರು ನಕ್ಕರು. ನನಗೂ ಆ ಹೆಸರು ಗೊತ್ತಿತ್ತು. ಅಪ್ಪ ಅಣ್ಣನಿಗೆ ಕಲಿಸುವಾಗ ಪಕ್ಕದಲ್ಲಿ ಚಾಪೆ ಹೆಣೆಯುತ್ತಾ ಎಲ್ಲ ಕೇಳಿದವಳು ನಾನು. ಆದರೆ ಹೆಂಗಸರ ಕಡೆ ಕೂತು ಬಾಯಿ ಬಿಡುವುದು ಹೇಗೆ ಎಂದು ಸುಮ್ಮನಿದ್ದೆ. ಅವತ್ತಿನಿಂದ ಅಣ್ಣ ಆ ಮನೆಯ ಮೀನು ತಿಂದಿಲ್ಲ.

ಹನ್ನೆರಡಕ್ಕೆ ಜೋರು ಮಳೆ ಬಂತು. ಕೇದಗೆಯ ಚಾಪೆ ಮಳೆಯಲ್ಲಿ ನೆನೆಯುವುದನ್ನು ನೋಡುವುದು ಹೆಣೆದವಳಿಗೆ ಎಂಥ ಸಂಕಟ ಎಂದು ಗಂಡಸರಿಗೆ ಗೊತ್ತಿಲ್ಲ. ನನಗೆ ಮರುಕ ಬಂದದ್ದು ಚಾಪೆಯ ಮೇಲೆ. ಒಣಗಲು ಹಾಕಿದ್ದ ಬಟ್ಟೆ ತರಲು ಹೊರಗೆ ಹೋದೆ. ಕೈಯಲ್ಲಿ ಕೊಚ್ಚಿದ ಎಳನೀರಿತ್ತು, ಬಟ್ಟೆಯ ಜೊತೆ ಹಿಡಿಯಲು ಆಗದೆ ಅಲ್ಲೇ ಹುಲ್ಲಿನ ಮೇಲೆ ಇಟ್ಟೆ, ಚಾಪೆಯ ಹತ್ತಿರ. ಮತ್ತೆ ನೋಡಿದಾಗ ಖಾಲಿಯಾಗಿತ್ತು. ಯಾರು ಕುಡಿದರೋ ನನಗೇನು.

ಸೆಪ್ಟೆಂಬರ್ 8, ಗುರುವಾರ

ಬೆಳಿಗ್ಗೆ ಹತ್ತು ಗಂಟೆಗೆ ಬರೆಯುತ್ತಿದ್ದೇನೆ. ಮೂರನೆಯ ದಿನ. ಅವರು ಹೊರಗೆ ಇದ್ದಾರೆ, ಅಣ್ಣ ಒಳಗೆ ಗಡ್ಡ ಕೆರೆದುಕೊಳ್ಳುತ್ತಿದ್ದಾನೆ.

ಪೆನಿನಾಗೆ ಶಾಲೆಯಿಂದ ಪ್ರಬಂಧ ಬರೆಯಲು ಕೊಟ್ಟಿದ್ದಾರೆ. ಯಾವುದೋ ಚಳಿದೇಶದ ಹಳೆಯ ಕಾದಂಬರಿ, ಅದರ ನಾಯಕ ತನ್ನ ಗರ್ವದಿಂದ ಹೇಗೆ ಹಾಳಾದ ಎಂದು ಬರೆಯಬೇಕು. ಕತೆಯನ್ನು ನನಗೆ ನಮ್ಮ ಮಾತಿನಲ್ಲಿ ಹೇಳಿದಳು. ಅವನು ಕಲ್ಲಿನ ಸೇತುವೆ ಕಟ್ಟುವವನು, ಅವನಂಥ ಕೆಲಸಗಾರ ಆ ನಾಡಿನಲ್ಲಿ ಇಲ್ಲ. ಒಂದು ದಿನ ಕಲ್ಲು ಹೊರುವ ಕೂಲಿಯವನು ಬಂದು, ಒಡೆಯಾ, ಮೂರನೆಯ ಕಂಬದಲ್ಲಿ ಬಿರುಕಿದೆ ಎಂದ. ಎಲ್ಲರೆದುರು ಎಂದ. ಬಿರುಕು ಇದ್ದದ್ದು ನಿಜ, ಇವನಿಗೂ ಕಂಡಿತು. ಆದರೆ ಕೂಲಿಯವನು ತೋರಿಸಿಕೊಟ್ಟ ಎಂದು ಒಪ್ಪಬೇಕಲ್ಲ. ಕೂಲಿಯವನನ್ನು ಓಡಿಸಿದ, ಬಿರುಕಿನ ಮೇಲೆ ಸುಣ್ಣ ಬಳಿಸಿದ, ಸೇತುವೆ ತೆರೆದ ಮೊದಲ ದಿನ ಅದರ ಮೇಲೆ ತನ್ನದೇ ಗಾಡಿಯನ್ನು ಹೊಡೆದುಕೊಂಡು ಹೋದ. ಗಾಡಿಯಲ್ಲಿ ಮಗಳೂ ಇದ್ದಳು.

ನನಗೆ ರೇಗಿಹೋಯಿತು. ಎಂಥ ಮೂರ್ಖ. ಒಂದು ಮಾತು, ಹೌದಪ್ಪ ನೀನು ಹೇಳಿದ್ದು ಸರಿ ಎನ್ನುವ ಒಂದೇ ಮಾತು ಹೇಳಲು ನಾಲಿಗೆ ಸವೆಯುತ್ತಿತ್ತೇ? ಅವನ ಮನೆಯಲ್ಲಿ ಬುದ್ಧಿ ಹೇಳುವವರು ಯಾರೂ ಇರಲಿಲ್ಲವೇ, ಅವನಿಗೆ ಒಬ್ಬಳು ತಂಗಿ ಇರಲಿಲ್ಲವೇ ಎಂದು ಕೇಳಿದೆ.

ಪೆನಿನಾ ಪುಸ್ತಕ ಮಡಚಿ ನನ್ನನ್ನೇ ನೋಡಿದಳು. "ಈ ಪುಸ್ತಕದಲ್ಲಿ ತಂಗಿ ಇಲ್ಲ ಅತ್ತೆ."

ಯಾಕೆ ಹಾಗೆ ನೋಡಿದಳೋ. ಬರೆದವರು ಮರೆತಿರಬೇಕು.

ಅದೇ ದಿನ, ಸಂಜೆ

ಒಂದು ಗಂಟೆಗೆ ಚಾಪೆ ಪಕ್ಕಕ್ಕೆ ವಾಲಿತು. ಹಾಗೇ ಬಿದ್ದಿತು. ಫೆತೂ ಕೂಗಿದಳು. ತವಿತಾ ಚಾಪೆ ಎಳೆದು ಅಜ್ಜನನ್ನು ಎತ್ತಿಕೊಂಡ. ಅದೇ ಪಿಕಪ್‌ನಲ್ಲಿ ಆಸ್ಪತ್ರೆಗೆ ಹೋದರು.

ಚಾಪೆ ನಮ್ಮ ಕೈಯಿಂದ ಏಳಲಿಲ್ಲ. ಇನ್ನೇನು ಬರೆಯಲಿ.

ಸೆಪ್ಟೆಂಬರ್ 9, ಶುಕ್ರವಾರ

ಗಲುವಾವೊನ ಬಲಭಾಗ ಬಿದ್ದುಹೋಗಿದೆಯಂತೆ. ಮಾತು ಸರಿಯಾಗಿ ಬರುವುದಿಲ್ಲ.

ಅಣ್ಣನಿಗೆ ಹೇಳಿದೆ. "ಅವರನ್ನ ಕೂತ್ಕೊಳ್ಳಿ ಅಂತ ನಾನು ಕರೆದಿದ್ನಾ?" ಅಂದ. ಹೇಳಿದ್ದು ತಟ್ಟಿಯ ಕಡೆ ಮುಖ ಮಾಡಿ.

ಸೆಪ್ಟೆಂಬರ್ 11, ಭಾನುವಾರ

ಚರ್ಚಿನ ಹಾಡಿನ ಮೇಳದಲ್ಲಿ ಫೆತೂ ಇರಲಿಲ್ಲ. ಮೂರು ಕಾಲಿನ ಮೇಜಿನ ಹಾಗೆ ಹಾಡು ಒಂದೇ ಕಡೆ ಕುಸಿಯುತ್ತಿತ್ತು. ಹೆಂಗಸರ ಬಿಳಿ ಟೋಪಿಗಳೆಲ್ಲ ನನ್ನ ಕಡೆ ತಿರುಗಿ ಮತ್ತೆ ಆಚೆ ತಿರುಗಿದವು. ಅಣ್ಣ ಮುಂದಿನ ಸಾಲಿನಲ್ಲಿ ಒಬ್ಬನೇ ಕೂತಿದ್ದ, ಎರಡೂ ಪಕ್ಕ ಜಾಗ ಖಾಲಿ. ಕ್ಷಮೆಯ ಪ್ರಾರ್ಥನೆ ಬಂದಾಗ ಅವನ ದನಿ ಎಲ್ಲರಿಗಿಂತ ದೊಡ್ಡದಾಗಿ ಕೇಳಿಸಿತು. ಕೋಪ ಎಷ್ಟು ಬಂತೆಂದರೆ ನನಗೆ ಆ ಸಾಲು ಹೇಳಲಾಗಲಿಲ್ಲ. ಕೋಪಕ್ಕೇ ಹೇಳಲಾಗಲಿಲ್ಲ, ಬೇರೆ ಕಾರಣವಿಲ್ಲ.

ಬಿಸಿಕಲ್ಲಿನ ಒಲೆಯಲ್ಲಿ ಬೇಯಿಸಿದ್ದು ಮೂವರಿಗೆ ಬಹಳವಾಯಿತು. ಒಂದು ಬುಟ್ಟಿ ಜೀಗುಜ್ಜೆ, ಒಂದಿಷ್ಟು ಮೀನು ಗಲುವಾವೊ ಮನೆಗೆ ಕಳಿಸಿದೆ. ಕೆಟ್ಟುಹೋಗುವುದಕ್ಕಿಂತ ಅದು ವಾಸಿ.

ಸೆಪ್ಟೆಂಬರ್ 12, ಸೋಮವಾರ

ಯಜಮಾನರ ಸಭೆ ಸೇರಿತ್ತು. ತಪ್ಪು ಈಗ ನಮ್ಮ ಮನೆಯದು ಎಂದು ತೀರ್ಮಾನವಾಯಿತು. ಬೇಡಿಕೊಳ್ಳಲು ಬಂದವರನ್ನು ಮೂರು ದಿನ ಕೂರಿಸಿದ್ದು ಊರಿಗೇ ಅವಮಾನ. ಫೊನೊತಿ ಹೋಗಿ ಗಲುವಾವೊನ ಅಂಗಳದಲ್ಲಿ ಚಾಪೆ ಹೊದ್ದು ಕೂರುವವರೆಗೆ ಸಭೆಯಲ್ಲಿ ಕೋಲು ಹಿಡಿಯುವಂತಿಲ್ಲ, ಊರಿನ ಪರವಾಗಿ ಬಾಯಿ ತೆರೆಯುವಂತಿಲ್ಲ. ಅಣ್ಣ ಬಂದು ಕೋಲನ್ನು ನಡುಗಂಬಕ್ಕೆ ಒರಗಿಸಿದ. ಅಪ್ಪ ಹಿಡಿದಿದ್ದ ಕೋಲು, ಅದಕ್ಕೂ ಮೊದಲು ಅಜ್ಜ ಹಿಡಿದಿದ್ದು.

ಊಟ ಬಡಿಸಿ ಎದುರು ಕೂತೆ. "ನಾಳೆ ಬೆಳಿಗ್ಗೆ ಹೋಗು ಅಣ್ಣ. ನಾನೂ ಬರ್ತೀನಿ."

"ನಗ್ತಾರೆ."

"ಯಾರು?"

"ಅವತ್ತು ನಕ್ಕೋರು."

"ಅವರಿಗೆ ಈಗ ಮೀಸೆ ಬಂದಿದೆ. ಅವರಿಗೆ ನೆನಪೂ ಇಲ್ಲ. ನೀನು ಹೋಗದಿದ್ರೆ ನಾನು ಹೋಗಿ ಕೂರ್ತೀನಿ."

ಅವನು ತಟ್ಟೆ ದೂರ ತಳ್ಳಿದ. "ತಂಗಿ ತಲೆ ಮೇಲೆ ಚಾಪೆ ಬಿದ್ರೆ ಅಣ್ಣನ ಮುಖಕ್ಕೆ ಮಸಿ ಬಿದ್ದ ಹಾಗೆ. ನಿಂಗೆ ಗೊತ್ತಿಲ್ವಾ?"

"ಗೊತ್ತಿರೋದ್ರಿಂದಲೇ ಹೇಳ್ತಾ ಇದ್ದೀನಿ. ಹಾಗಾದ್ರೆ ನೀನೇ ಬಾ."

ನಮ್ಮಲ್ಲಿ ತಂಗಿಯ ಗೌರವ ಅಣ್ಣನಿಗೆ ಬೈಬಲಿನ ಮೇಲಿಟ್ಟ ಕೈಯಷ್ಟು ದೊಡ್ಡದು. ಅದು ಕೆಳಗೆ ಬೀಳುವುದನ್ನು ನೋಡಿ ಯಾವ ಅಣ್ಣನೂ ಸುಮ್ಮನಿರಲಾರ. ಬರುತ್ತಾನೆ. ಬರದೆ ಎಲ್ಲಿ ಹೋಗುತ್ತಾನೆ.

ಸೆಪ್ಟೆಂಬರ್ 13, ಮಂಗಳವಾರ

ನಾನು ಸತ್ತಾಗ ಹೊದಿಸಲೆಂದು ಇಟ್ಟುಕೊಂಡಿದ್ದ ಚಾಪೆಯನ್ನು ತೆಗೆದುಕೊಂಡು ಹೋದೆ. ಇನ್ನೂ ಕೋಳಿ ಕೂಗುತ್ತಿತ್ತು. ಅವರ ಅಂಗಳದಲ್ಲಿ ಕೂತು ತಲೆಯ ಮೇಲೆ ಎಳೆದುಕೊಂಡೆ.

ಒಳಗೆ ಕತ್ತಲು, ಕೇದಗೆಯ ವಾಸನೆ, ನನ್ನದೇ ಉಸಿರಿನ ಬಿಸಿ. ಮೊಣಕಾಲು ಒಂದೇ ಸಮ ನೋಯುತ್ತದೆ. ಅಂಚಿನ ಕೆಳಗೆ ಒಂದು ಗೇಣು ಹುಲ್ಲು ಬಿಟ್ಟರೆ ಏನೂ ಕಾಣಿಸುವುದಿಲ್ಲ. ಯಾರಾದರೂ ಬರುತ್ತಾರೋ ಇಲ್ಲವೋ ಎಂದು ಆ ಒಂದು ಗೇಣನ್ನೇ ನೋಡುತ್ತಿರಬೇಕು. ಮೂರು ದಿನ, ಎಪ್ಪತ್ತೆಂಟು ವರ್ಷದ ಮನುಷ್ಯ. ನಾನು ಒಳಗೆ ಕೂತು ಚಹಾ ಕುಡಿಯುತ್ತಿದ್ದೆ.

ಪಾದಗಳು ಬಂದವು. ಎಡ ಹಿಮ್ಮಡಿಯಲ್ಲಿ ಸೀಳು, ಫೆತೂ. ನಮ್ಮ ಮನೆಯ ಕೆಟಲು ಕುದಿಯುವಷ್ಟು ಹೊತ್ತೂ ಆಗಿರಲಿಲ್ಲ, ಚಾಪೆ ಮೇಲಕ್ಕೆ ಹೋಯಿತು.

"ಏಳೇ ಮಕೆರಿತಾ. ನಿನ್ನ ಮಂಡಿಗೆ ಇದೆಲ್ಲ ಆಗಿಬರಲ್ಲ. ಅಂಚೆಲ್ಲ ಮಣ್ಣಾಗ್ತಾ ಇದೆ ನೋಡು."

ಬೈಯುವಳೆಂದು ಸಿದ್ಧವಾಗಿ ಹೋಗಿದ್ದೆ, ನಾನೂ ತಿರುಗಿ ಬೈಯಲು ಎರಡು ಮಾತು ಇಟ್ಟುಕೊಂಡಿದ್ದೆ. ಅವಳು ಚಾಪೆ ಕೊಡವಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಕರೆದಳು.

ಆಸ್ಪತ್ರೆಯಿಂದ ಮನೆಗೆ ತಂದಿದ್ದ ಗಲುವಾವೊ ದೊಡ್ಡಪ್ಪ ಮಲಗಿದ್ದರು. ಬಾಯಿ ಒಂದು ಕಡೆ ಎಳೆದಿದೆ. ಮೊದಲು ಕೇಳಿದ್ದು ಪೆನಿನಾಳ ಕಾಲು. ಆಮೇಲೆ, "ನಿಮ್ಮಣ್ಣ?"

ಬರ್ತಾ ಇದ್ದಾನೆ ಎಂದೆ. ಸುಳ್ಳು. ಕ್ಷಮಿಸು.

ಅವರು ಬಹಳ ಹೊತ್ತು ತೆಗೆದುಕೊಂಡು ಮಾತು ಕೂಡಿಸಿದರು. "ಅವತ್ತು ನಾನು ಹೇಳಿಕೊಟ್ಟಿದ್ದು... ಅವನು ಅತಿಥಿಗಳ ಮುಂದೆ ಬೀಳಬಾರದು ಅಂತ. ಅವನಿಗೆ ಹೇಳು." ಎಡಗೈಯಿಂದ ನನ್ನ ಕೈ ಹಿಡಿದುಕೊಂಡಿದ್ದರು.

ಮನೆಗೆ ಬಂದಾಗ ಅಣ್ಣ ಒಳ್ಳೆಯ ಪಂಚೆ ಉಟ್ಟು ಕೂತಿದ್ದ. ಚರ್ಚಿನ ಗೋಡೆಯವರೆಗೆ ಬಂದು, ನನ್ನ ತಲೆಯ ಮೇಲೆ ಚಾಪೆ ಕಂಡು, ಅಲ್ಲಿಂದಲೇ ಹಿಂದಿರುಗಿದನಂತೆ. ನೋಡಿದವರು ಹೇಳಿದರು. ಅರ್ಧ ದಾರಿ ಬರಲು ಆದವನಿಗೆ ಉಳಿದರ್ಧ ದಾರಿ ಏನು ಸಮುದ್ರವೇ? ದೊಡ್ಡಪ್ಪನ ಮಾತು ಹೇಳಿದೆ. ಅವನು ಕೇಳಿ, ತನ್ನ ಅಂಗೈ ನೋಡಿಕೊಂಡು ಕೂತ. "ನಾಳೆ" ಅಂದ.

ಸೆಪ್ಟೆಂಬರ್ 16, ಶುಕ್ರವಾರ

ಮೂರು ನಾಳೆಗಳಾದವು. ಪ್ರತಿ ಬೆಳಿಗ್ಗೆ ಪಂಚೆ ಉಡುತ್ತಾನೆ, ಪ್ರತಿ ಸಂಜೆ ಬಿಚ್ಚಿಡುತ್ತಾನೆ. ಇಸ್ತ್ರಿ ಮಾಡುವವಳು ನಾನು.

ಸೆಪ್ಟೆಂಬರ್ 17, ಶನಿವಾರ

ಗಲುವಾವೊ ದೊಡ್ಡಪ್ಪ ಬೆಳಿಗ್ಗೆ ತೀರಿಕೊಂಡರು. ಫೆತೂಳ ಜೊತೆ ಇದ್ದೆ. ನಮ್ಮಿಬ್ಬರ ಆ ಚಾಪೆ ಹೊದಿಸಿದೆವು. ಅಡ್ಡ ಹೋದ ಎಳೆ ನನ್ನ ಕಡೆ ಇತ್ತು, ಅವಳಿಗೆ ಕಾಣದ ಹಾಗೆ ಮಡಚಿದೆ.

ಸೆಪ್ಟೆಂಬರ್ 20, ಮಂಗಳವಾರ

ಮಣ್ಣಾಯಿತು.

ಸಮಾಧಿಯ ಮುಂದೆ ಊರಿನ ಪರವಾಗಿ ಕೋಲು ಹಿಡಿದವನು ಮೂವತ್ತು ವರ್ಷದ ಹೊಸಬ. ಏಳು ಹೆಸರು ಕರೆಯಲು ತೊಡಗಿದ. ಐದಾಯಿತು. ಆರನೆಯದಕ್ಕೆ ನಿಂತ. ಕುತ್ತಿಗೆಯಲ್ಲಿ ಬೆವರು ಇಳಿಯಿತು. ಹೇಳಿಕೊಡುವವರು ಮಣ್ಣಿನ ಕೆಳಗೆ ಇದ್ದಾರೆ.

ಅಣ್ಣ ರಸ್ತೆಯ ಆಚೆ ಜೀಗುಜ್ಜೆ ಮರದ ಕೆಳಗೆ ನಿಂತಿದ್ದ, ಕೋಲಿಲ್ಲದೆ. ಊರಿಗೆ ಊರೇ ಅವನ ಕಡೆ ತಿರುಗಿತು. ಸಭೆಯ ಆಜ್ಞೆ ಯಾರಿಗೂ ನೆನಪಿರಲಿಲ್ಲ, ಯಾರೂ ನಗುತ್ತಿರಲೂ ಇಲ್ಲ. ಆ ಒಂದು ಹೆಸರು ಹೇಳಿದ್ದರೆ ಸಾಕಿತ್ತು, ಅದೇ ಅವನ ಇಫೊಗಾ ಆಗುತ್ತಿತ್ತು. ಫೆತೂ ಕೂಡ ತಲೆಯೆತ್ತಿ ಅವನನ್ನೇ ನೋಡಿದಳು. ಅವನ ತುಟಿ ಅಲುಗಿದ್ದನ್ನು ನಾನು ಕಂಡೆ. ದನಿ ಬರಲಿಲ್ಲ.

ಹೆಂಗಸರ ನಡುವೆ ಕೂತಲ್ಲಿಂದ ನಾನು ಆ ಹೆಸರು ಹೇಳಿದೆ. ಮೆತ್ತಗೆ, ಹೊಸಬನಿಗೆ ಕೇಳಿಸುವಷ್ಟು. ಅವನು ಎತ್ತಿಕೊಂಡು ಮುಂದೆ ಹೋದ. ಮತ್ತೆ ನೋಡಿದಾಗ ಮರದ ಕೆಳಗೆ ಯಾರೂ ಇರಲಿಲ್ಲ.

ಹೋದ ವರ್ಷವೇ ನಾನು ಬಾಯಿ ಬಿಟ್ಟಿದ್ದರೆ. ಇದನ್ನು ಯಾಕೆ ಬರೆದೆನೋ, ಹೊಡೆದು ಹಾಕಬೇಕು.

ಸೆಪ್ಟೆಂಬರ್ 26, ಸೋಮವಾರ

ಊರಿನ ಮಾತನ್ನು ಸಭೆ ಆ ಹೊಸಬನಿಗೇ ಖಾಯಂ ಕೊಟ್ಟಿತು. ಅಣ್ಣ ಕೋಲನ್ನು ತಾನೇ ಕಳಿಸಿಕೊಟ್ಟ. ಹಿತ್ತಲಿನ ಪುಟ್ಟ ಮನೆಗೆ ಚಾಪೆ ದಿಂಬು ಒಯ್ದು, ನಾಲ್ಕೂ ಕಡೆಯ ತಟ್ಟಿ ಇಳಿಸಿಕೊಂಡಿದ್ದಾನೆ. ಊಟ ಒಳಗೆ ಹೋಗುತ್ತದೆ, ಅರ್ಧ ಹೊರಗೆ ಬರುತ್ತದೆ. ಮಾತಿಲ್ಲ. ಅವನ ಒಂದು ಮಾತಿಗೆ ಮೂರು ಊರಿನ ಜಗಳ ನಿಲ್ಲುತ್ತಿತ್ತು. ನನಗೆ ಬರುವ ಕೋಪಕ್ಕೆ ಆ ತಟ್ಟಿಗಳನ್ನು ಕಿತ್ತು ಒಲೆಗೆ ಹಾಕಬೇಕು.

ಪೆನಿನಾ ಪ್ರಬಂಧ ಮುಗಿಸಿದ್ದಾಳೆ. ಕೊನೆಯ ಸಾಲು ಓದಿ ಹೇಳಿದಳು: ಸೇತುವೆ ಬಿದ್ದ ದಿನ ಅವನು ಬಿದ್ದದ್ದಲ್ಲ, ಸುಣ್ಣ ತರಿಸಿದ ದಿನವೇ ಬಿದ್ದಿದ್ದ. ಚೆನ್ನಾಗಿದೆ ಎಂದೆ. "ಅಪ್ಪನಿಗೂ ಓದಿ ಹೇಳಲಾ ಅತ್ತೆ?" ಎಂದು ಕೇಳಿದಳು.

ಬೇಡ ಎಂದೆ. ಅವನಿಗೆ ಗೊತ್ತಿದೆ.

ಅಕ್ಟೋಬರ್ 3, ಸೋಮವಾರ

ಹೊಸ ಚಾಪೆ ಶುರುಮಾಡಿದ್ದೇನೆ. ಸಂಜೆ ಫೆತೂ ಬಂದು ಇನ್ನೊಂದು ಮೂಲೆ ಹಿಡಿಯುತ್ತಾಳೆ. ಬೆಳಿಗ್ಗೆ ನಾನೊಬ್ಬಳೇ, ಹಿತ್ತಲಿನ ಪುಟ್ಟ ಮನೆಯ ಎದುರು ಹುಲ್ಲಿನ ಮೇಲೆ. ಅಲ್ಲಿ ಬೆಳಕು ಚೆನ್ನಾಗಿದೆ. ಪೆನಿನಾ ಊರುಗೋಲಿನ ಮೇಲೆ ಕುಂಟುತ್ತಾ ಬಂದು, ಎಷ್ಟು ದಿನ ಅಂತ ಇಲ್ಲಿ ಕೂರ್ತೀರಿ ಅತ್ತೆ ಎಂದಳು. ನಾನೇನು ಯಾರಿಗೋ ಕಾಯುತ್ತಿದ್ದೇನೆಯೇ, ಚಾಪೆ ಹೆಣೆಯುತ್ತಿದ್ದೇನೆ ಎಂದೆ. ಅವಳು ನಕ್ಕು ಪಕ್ಕದಲ್ಲಿ ಕೂತಳು, ಮುರಿದ ಕಾಲು ಮುಂದೆ ಚಾಚಿ.

ಬಿಸಿಲೇರಿದಾಗ ಎಳೆಗಳನ್ನು ನೆರಳಿಗೆ ಎಳೆದುಕೊಂಡು ಆ ಏಳು ಹೆಸರುಗಳನ್ನು ಗುನುಗುತ್ತಿದ್ದೆ, ಕೈಯ ಲಯಕ್ಕೆ. ಬೇಕೆಂದೇ ಅಲ್ಲ, ಆರನೆಯದು ಬಿಟ್ಟುಹೋಯಿತು. ಒಳಗಿನಿಂದ ಬಹಳ ಸಣ್ಣಗೆ ಯಾರೋ ಅದನ್ನು ಹೇಳಿದರು.

ನಾನು ತಲೆಯೆತ್ತಲಿಲ್ಲ. ಏಳನೆಯದನ್ನು ಹೇಳಿ ಮತ್ತೆ ಮೊದಲಿನಿಂದ ಶುರುಮಾಡಿದೆ. ಏಳುವ ಹೊತ್ತಿಗೆ ಈ ಕಡೆಯ ತಟ್ಟಿ ಒಂದು ಗೇಣು ಮೇಲಿತ್ತು. ಗಾಳಿಗೆ ಇರಬೇಕು. ನಾಳೆಯೂ ಅಲ್ಲೇ ಕೂರುತ್ತೇನೆ, ಬೆಳಕು ಚೆನ್ನಾಗಿದೆ.